‘ದೌ’: ಇಂಗ್ಲಿಷಿನ ಒಂದು ಲುಪ್ತ ಸರ್ವನಾಮದ ಅರ್ಥ ಮತ್ತು ಪ್ರಯೋಗ

೧

ಇಂಗ್ಲಿಷ್ ಭಾಷೆಯ ಪ್ರಾಚೀನ ಗ್ರಂಥಗಳನ್ನು ಓದುವ ವಿದ್ಯಾರ್ಥಿಗೆ ಎದುರಾಗುವ ಲುಪ್ತಶಬ್ದಗಳು ಎರಡು ಬಗೆಯವು. ಎಲ್ಲಿಯೂ ಕೇಳದ, ನಿಘಂಟನ್ನು ತೆರೆದು ನೋಡದೆ ಅರ್ಥವಾಗದ ಶಬ್ದಗಳು ಮೊದಲನೆಯ ಬಗೆಯವು. ಇವುಗಳಿಂದ ಅಪಾಯವು ಕಡಮೆ. ತನಗೆ ತಿಳಿಯದೆಂಬುದು ತಿಳಿದಿರುವುದರಿಂದ ಓದುಗನು ನಿಂತು ವಿಚಾರಿಸುತ್ತಾನೆ. ಬಳಕೆಯಿಂದ ತೊಲಗಿಹೋಗಿದ್ದರೂ ಕಿವಿಗೆ ಪರಿಚಿತವಾಗಿ ಉಳಿದಿರುವ ಶಬ್ದಗಳು ಎರಡನೆಯ ಬಗೆಯವು. ಇವುಗಳ ಅರ್ಥವು ತನಗೆ ಗೊತ್ತೆಂದು ಓದುಗನು ಭಾವಿಸುವುದರಿಂದ ಅವನು ನಿಲ್ಲುವುದೂ ಇಲ್ಲ, ವಿಚಾರಿಸುವುದೂ ಇಲ್ಲ. ಮಧ್ಯಮಪುರುಷ ಏಕವಚನದ ‘ದೌ’ ಎಂಬ ಸರ್ವನಾಮವು ಈ ಎರಡನೆಯ ಬಗೆಗೆ ಸೇರಿದುದು.

ಇಂದಿನ ಶಿಷ್ಟ ಇಂಗ್ಲಿಷಿನ ಆಡುಮಾತಿನಲ್ಲಿ ಈ ಶಬ್ದವಿಲ್ಲ. ಆದರೆ ೧೬೧೧ರ ಬೈಬಲ್ ಭಾಷಾಂತರದಲ್ಲಿ, ಆಂಗ್ಲ ಚರ್ಚಿನ ಪ್ರಾರ್ಥನಾಗ್ರಂಥದಲ್ಲಿ, ಷೇಕ್ಸ್‌ಪಿಯರನ ನಾಟಕಗಳಲ್ಲಿ, ಮಿಲ್ಟನ್ನನ ಮಹಾಕಾವ್ಯದಲ್ಲಿ, ಷೆಲ್ಲಿ ಕೀಟ್ಸರ ಭಾವಗೀತಗಳಲ್ಲಿ ಅದು ಪದೇಪದೇ ಕಾಣಬರುತ್ತದೆ. ಹೀಗಾಗಿ ಅದೊಂದು ಗಂಭೀರವಾದ, ಪೂಜ್ಯವಾದ, ದೇವರಿಗೂ ಅರಸರಿಗೂ ಮೀಸಲಾದ ಸಂಬೋಧನೆಯೆಂಬ ಭಾವನೆಯು ಸುಲಭವಾಗಿ ಹುಟ್ಟುತ್ತದೆ. ಇಂಗ್ಲಿಷನ್ನೇ ಮಾತೃಭಾಷೆಯಾಗಿ ಉಳ್ಳವರಲ್ಲಿಯೂ ಈ ಭಾವನೆಯು ಬಲವಾಗಿ ಬೇರೂರಿದೆ. ಅದನ್ನು ಕನ್ನಡದಲ್ಲಿ ‘ತಾವು’ ಎಂದು ತಿಳಿಯುವ ಪ್ರಲೋಭನೆಯೂ ಇದರಿಂದಲೇ ಬರುತ್ತದೆ.

ವಸ್ತುಸ್ಥಿತಿಯು ಇದಕ್ಕೆ ತೀರ ವಿರುದ್ಧವಾದುದು. ‘ದೌ’ ಎಂಬುದು ಬಳಕೆಯಲ್ಲಿದ್ದ ಕಾಲದಲ್ಲಿ ಗೌರವವಾಚಕವಾಗಿರಲಿಲ್ಲ, ಅದು ‘ನೀನು’. ಮಗುವಿಗೆ, ಸೇವಕನಿಗೆ, ಗೆಳೆಯನಿಗೆ, ಪ್ರೇಯಸಿಗೆ, ಶತ್ರುವಿಗೆ ಮತ್ತು ದೇವರಿಗೆ ಸಲ್ಲುತ್ತಿದ್ದ ಮಾತು ಅದು. ಗೌರವದ ಮಾತು ‘ಯೂ’ ಎಂಬ ಬಹುವಚನವಾಗಿತ್ತು. ಆ ‘ಯೂ’ ಒಂದೇ ಉಳಿದು ‘ದೌ’ ಅಳಿದುದರಿಂದ, ಯಾವುದು ನಿಕಟವಾಗಿತ್ತೋ ಅದು ದೂರವಾಗಿಯೂ ಯಾವುದು ದೂರವಾಗಿತ್ತೋ ಅದು ನಿಕಟವಾಗಿಯೂ ತೋರುವಂತಾಯಿತು. ಈ ವಿಪರ್ಯಾಸವನ್ನು ಅರಿಯದೆ ಓದಿದರೆ ಹಳೆಯ ಇಂಗ್ಲಿಷ್ ಸಾಹಿತ್ಯದ ಅನೇಕ ಮುಖ್ಯ ಸಂದರ್ಭಗಳ ರಸವು ತಲೆಕೆಳಗಾಗುತ್ತದೆ. ಸಂತೋಷದ ಸಂಗತಿಯೆಂದರೆ, ಇದನ್ನು ಅರಿಯುವುದರಲ್ಲಿ ಇಂದಿನ ಆಂಗ್ಲನಿಗಿಂತ ಕನ್ನಡಿಗನಿಗೇ ಹೆಚ್ಚಿನ ಅನುಕೂಲವಿದೆ.

೨

ಮೊದಲು ಶಬ್ದದ ರೂಪವನ್ನು ನೋಡಬಹುದು. ಪ್ರಾಚೀನ ಇಂಗ್ಲಿಷಿನಲ್ಲಿ ಮಧ್ಯಮಪುರುಷಕ್ಕೆ ಮೂರು ವಚನಗಳಿದ್ದುವು. ಏಕವಚನದಲ್ಲಿ ‘ಥೂ’, ದ್ವಿವಚನದಲ್ಲಿ ‘ಯಿತ್’, ಬಹುವಚನದಲ್ಲಿ ‘ಯೇ’. ಸಂಸ್ಕೃತದ ತ್ವಮ್, ಯುವಾಮ್, ಯೂಯಮ್ ಎಂಬ ಮೂರನ್ನು ಬಲ್ಲವರಿಗೆ ಈ ವ್ಯವಸ್ಥೆಯು ಹೊಸದಲ್ಲ. ‘ಥೂ’ ಶಬ್ದಕ್ಕೂ ‘ತ್ವಮ್’ ಶಬ್ದಕ್ಕೂ, ‘ಯೇ’ ಶಬ್ದಕ್ಕೂ ‘ಯೂಯಮ್’ ಶಬ್ದಕ್ಕೂ ಮೂಲವು ಒಂದೇ. ಲ್ಯಾಟಿನ್ನಿನ ‘ತೂ’, ಜರ್ಮನ್ ಭಾಷೆಯ ‘ದೂ’ ಎಂಬುವೂ ಅದೇ ಏಕವಚನ ಕುಲಕ್ಕೆ ಸೇರಿದುವು. ಇಂಗ್ಲಿಷಿನ ದ್ವಿವಚನವು ಹದಿಮೂರನೆಯ ಶತಮಾನದೊಳಗೆ ಮರೆಯಾಯಿತು. ಉಳಿದ ಎರಡರಲ್ಲಿ ‘ಥೂ’ ಎಂಬುದು ಉಚ್ಚಾರಣೆಯಲ್ಲಿ ಮಾರ್ಪಟ್ಟು ‘ದೌ’ ಆಯಿತು. ‘ಯೇ’ ಎಂಬುದು ‘ಯೀ’ ಆಯಿತು.

ಈ ಸರ್ವನಾಮಗಳ ವಿಭಕ್ತಿರೂಪಗಳನ್ನು ವಿದ್ಯಾರ್ಥಿಗಳು ತಪ್ಪದೆ ನೆನಪಿನಲ್ಲಿಡಬೇಕು. ಕರ್ತೃವಿನಲ್ಲಿ ‘ದೌ’, ಕರ್ಮದಲ್ಲಿ ‘ದೀ’, ಷಷ್ಠಿಯಲ್ಲಿ ‘ದೈ’ ಅಥವಾ ‘ದೈನ್’. ಮುಂದಿನ ಪದವು ಸ್ವರದಿಂದ ಮೊದಲಾದರೆ, ಇಲ್ಲವೆ ಮುಂದೆ ನಾಮಪದವೇ ಇಲ್ಲದಿದ್ದರೆ ‘ದೈನ್’ ಎಂಬ ರೂಪವು ಬರುವುದು ವಾಡಿಕೆ. ಬಹುವಚನದಲ್ಲಿ ಕರ್ತೃವಿಗೆ ‘ಯೀ’, ಕರ್ಮಕ್ಕೆ ‘ಯೂ’. ಇಂದು ಎಲ್ಲೆಡೆಯೂ ವ್ಯಾಪಿಸಿರುವ ‘ಯೂ’ ಶಬ್ದವು ಮೂಲತಃ ‘ನಿಮ್ಮನ್ನು’, ‘ನಿಮಗೆ’ ಎಂಬ ಅರ್ಥದ್ದೇ ಹೊರತು ‘ನೀವು’ ಎಂಬ ಅರ್ಥದ್ದಲ್ಲವೆಂಬುದು ಗಮನಾರ್ಹ. ಕಾಲಕ್ರಮದಲ್ಲಿ ಕರ್ಮರೂಪವೇ ಕರ್ತೃಸ್ಥಾನವನ್ನೂ ಆಕ್ರಮಿಸಿಕೊಂಡಿತು.

‘ದೌ’ ಶಬ್ದದೊಡನೆ ಕ್ರಿಯಾಪದವೂ ತನ್ನದೇ ಆದ ಪ್ರತ್ಯಯವನ್ನು ಧರಿಸುತ್ತಿತ್ತು. ‘ಎಸ್ಟ್’ ಅಥವಾ ‘ಸ್ಟ್’ ಎಂಬುದೇ ಆ ಪ್ರತ್ಯಯ. ‘ಹ್ಯಾಸ್ಟ್’, ‘ಡಸ್ಟ್’ ಮುಂತಾದುವು ಇದರ ಉದಾಹರಣೆಗಳು. ‘ಆರ್ಟ್’, ‘ಷಾಲ್ಟ್’, ‘ವಿಲ್ಟ್’ ಎಂಬ ಕೆಲವಲ್ಲಿ ಬರಿಯ ‘ಟ್’ಕಾರವಿದೆ. ‘ಎಥ್’ ಎಂಬ ಇನ್ನೊಂದು ಹಳೆಯ ಪ್ರತ್ಯಯವನ್ನು ಇದರೊಡನೆ ಬೆರಸಬಾರದು. ಅದು ‘ಅವನು’, ‘ಅವಳು’, ‘ಅದು’ ಎಂಬ ಪ್ರಥಮಪುರುಷ ಏಕವಚನಕ್ಕೆ ಸೇರಿದುದು. ಹಳೆಯ ಶೈಲಿಯನ್ನು ಅನುಕರಿಸಲು ಹೊರಟ ಇತ್ತೀಚಿನ ಬರಹಗಾರರು ಈ ಎರಡನ್ನೂ ಮನಬಂದಂತೆ ಅಂಟಿಸಿ ನಗೆಗೀಡಾಗುವುದುಂಟು.

೩

ಪ್ರಾಚೀನ ಇಂಗ್ಲಿಷಿನಲ್ಲಿ ಏಕವಚನ ಬಹುವಚನಗಳ ಭೇದವು ಕೇವಲ ಸಂಖ್ಯೆಗೆ ಸಂಬಂಧಪಟ್ಟಿದ್ದಿತು. ಒಬ್ಬನಾದರೆ ‘ಥೂ’, ಅವನು ಅರಸನಾಗಿರಲಿ, ಆಳಾಗಿರಲಿ. ಒಬ್ಬನನ್ನೇ ಬಹುವಚನದಿಂದ ಗೌರವಿಸುವ ಪದ್ಧತಿಯು ಆ ಭಾಷೆಗೆ ಹೊರಗಿನಿಂದ ಬಂದುದು. ಸುಮಾರು ನಾಲ್ಕನೆಯ ಶತಮಾನದಿಂದ ರೋಮಿನ ಚಕ್ರವರ್ತಿಗಳನ್ನು ಲ್ಯಾಟಿನ್ನಿನಲ್ಲಿ ‘ವೋಸ್’ ಎಂಬ ಬಹುವಚನದಿಂದ ಸಂಬೋಧಿಸುವ ರೂಢಿಯು ಮೊದಲಾಯಿತು. ಅದು ಕ್ರಮೇಣ ಇತರ ದೊಡ್ಡವರಿಗೂ ಸಲ್ಲತೊಡಗಿ, ಫ್ರೆಂಚ್ ಭಾಷೆಯಲ್ಲಿ ‘ತ್ಯು’ ಮತ್ತು ‘ವೂ’ ಎಂಬ ಭೇದವಾಗಿ ನೆಲೆಗೊಂಡಿತು. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಆಸ್ಥಾನದ ಮತ್ತು ಉಚ್ಚಕುಲಗಳ ಭಾಷೆಯು ಫ್ರೆಂಚಾಯಿತು. ಆ ಸಂಪರ್ಕದ ಫಲವಾಗಿ ಹದಿಮೂರನೆಯ ಶತಮಾನದಿಂದ ಇಂಗ್ಲಿಷಿನಲ್ಲಿಯೂ ಗೌರವಾರ್ಥಕ ಬಹುವಚನವು ಕಾಣಿಸಿಕೊಳ್ಳುತ್ತದೆ. ೧೪೦೦ರಲ್ಲಿ ತೀರಿಕೊಂಡ ಚಾಸರನ ಕಥನಕಾವ್ಯಗಳಲ್ಲಿ ಈ ಭೇದವು ಪಾತ್ರಗಳ ಅಂತಸ್ತನ್ನೂ ಮನೋಭಾವವನ್ನೂ ಸೂಚಿಸುವ ಸಾಧನವಾಗಿ ಆಗಲೇ ಪಳಗಿದೆ.

ಸಂಸ್ಕೃತದಲ್ಲಿ ಗೌರವಕ್ಕೆ ‘ಭವಾನ್’ ಎಂಬ ಶಬ್ದವನ್ನು ಬಳಸಿ ಪ್ರಥಮಪುರುಷದ ಕ್ರಿಯಾಪದವನ್ನು ಹೇಳುವುದು ಸಂಪ್ರದಾಯ. ಇಂಗ್ಲಿಷಾದರೋ ಕನ್ನಡದಂತೆ ಬಹುವಚನದ ದಾರಿಯನ್ನು ಹಿಡಿಯಿತು. ಆದಕಾರಣ ಹದಿನೈದು ಹದಿನಾರನೆಯ ಶತಮಾನಗಳ ಇಂಗ್ಲಿಷಿನ ‘ದೌ’ ಮತ್ತು ‘ಯೂ’ ಎಂಬುವಕ್ಕೂ ಕನ್ನಡದ ‘ನೀನು’ ಮತ್ತು ‘ನೀವು’ ಎಂಬುವಕ್ಕೂ ಬಹುಮಟ್ಟಿನ ಸಾಮ್ಯವಿದೆ.

ಈ ಪ್ರಯೋಗದ ನಿಯಮಗಳನ್ನು ಆ ಕಾಲದವರೇ ಬರೆದಿಟ್ಟಿದ್ದಾರೆ. ೧೬೫೩ರಲ್ಲಿ ಲ್ಯಾಟಿನ್ನಿನಲ್ಲಿ ಇಂಗ್ಲಿಷ್ ವ್ಯಾಕರಣವನ್ನು ರಚಿಸಿದ ಜಾನ್ ವಾಲಿಸನು, ಒಬ್ಬನನ್ನು ಏಕವಚನದಿಂದ ಕರೆಯುವುದು ಒಂದೋ ತಿರಸ್ಕಾರದಿಂದ, ಇಲ್ಲವೆ ಸಲಿಗೆಯ ಮುದ್ದಿನಿಂದ ಎಂಬ ಅಭಿಪ್ರಾಯವನ್ನು ಕೊಡುತ್ತಾನೆ. ೧೬೫೫ರಲ್ಲಿ ಚರ್ಚಿನ ಇತಿಹಾಸವನ್ನು ಪ್ರಕಟಿಸಿದ ಥಾಮಸ್ ಫುಲ್ಲರನ ವಿಭಾಗವು ಇನ್ನೂ ಸೂಕ್ಷ್ಮವಾಗಿದೆ. ಅವನ ಮತದಲ್ಲಿ ಮೇಲಿನವರು ಕೆಳಗಿನವರಿಗೆ ‘ದೌ’ ಎನ್ನುವುದು ಆಜ್ಞೆಯ ಲಕ್ಷಣವಾಗಿ ಯುಕ್ತ. ಸಮಾನರು ಸಮಾನರಿಗೆ ಹಾಗೆನ್ನುವುದು ಸಲಿಗೆಯ ಗುರುತಾಗಿ ಸಹ್ಯ. ಕೆಳಗಿನವರು ಮೇಲಿನವರಿಗೆ ಹಾಗೆಂದರೆ, ಅರಿಯದೆ ಅಂದದ್ದಾದರೆ ಹಳ್ಳಿಗಾಡುತನ, ಬೇಕೆಂದು ಅಂದದ್ದಾದರೆ ಅವಹೇಳನ. ಕನ್ನಡನಾಡಿನ ಯಾವ ಹಿರಿಯರೂ ‘ನೀನು’ ಶಬ್ದದ ವಿಷಯದಲ್ಲಿ ಇದೇ ಮಾತನ್ನು ಹೇಳಿಯಾರು.

೪

ಷೇಕ್ಸ್‌ಪಿಯರನ ಕಾಲಕ್ಕೆ, ಅಂದರೆ ೧೫೬೪ರಿಂದ ೧೬೧೬ರವರೆಗಿನ ಅವಧಿಯಲ್ಲಿ, ಉಚ್ಚವರ್ಗದವರ ಸಾಧಾರಣ ಸಂಭಾಷಣೆಗೆ ‘ಯೂ’ ಎಂಬುದೇ ಸಹಜವಾದ ಮಾತಾಗಿದ್ದಿತು. ಆದುದರಿಂದ ಅಲ್ಲಿ ‘ದೌ’ ಬಂದಾಗಲೆಲ್ಲ ಅದಕ್ಕೊಂದು ಕಾರಣವನ್ನು ಹುಡುಕಲು ಅವಕಾಶವಿದೆ. ಆ ಕಾರಣವು ಅಂತಸ್ತಿನ ಭೇದವಾಗಿರಬಹುದು, ಪ್ರೀತಿಯಾಗಿರಬಹುದು, ಕೋಪವಾಗಿರಬಹುದು, ದೇವತೆಗಳನ್ನೋ ಪ್ರೇತವನ್ನೋ ಅಚೇತನ ವಸ್ತುವನ್ನೋ ಉದ್ದೇಶಿಸಿದ ಮಾತಾಗಿರಬಹುದು.

‘ಕಿಂಗ್ ಲಿಯರ್’ ನಾಟಕದ ಮೊದಲನೆಯ ದೃಶ್ಯವು ಇದಕ್ಕೆ ಉತ್ತಮವಾದ ನಿದರ್ಶನ. ರಾಜ್ಯವನ್ನು ಹಂಚುವಾಗ ಲಿಯರನು ಹಿರಿಯ ಮಕ್ಕಳಿಬ್ಬರಿಗೂ ಅವರ ಪಾಲನ್ನು ಕೊಡುತ್ತ ಏಕವಚನವನ್ನು ಬಳಸುತ್ತಾನೆ. ಅದು ತಂದೆಯ ವಾತ್ಸಲ್ಯದ, ದೊರೆಯ ಕೃಪೆಯ ‘ನೀನು’. ಕಿರಿಯಳಾದ ಕಾರ್ಡೀಲಿಯಳ ಸರದಿ ಬಂದಾಗ ‘ಯೂ’ ಎಂದು ಮನ್ನಿಸಿ ಕೇಳುತ್ತಾನೆ. ಅವಳ ಉತ್ತರವು ಅವನಿಗೆ ಹಿಡಿಸದೆ ಹೋದೊಡನೆಯೇ ಆ ‘ಯೂ’ ಮುರಿದು ‘ದೌ’ ಆಗುತ್ತದೆ. ಇದು ಕೋಪದ ‘ನೀನು’. ಒಂದೇ ದೃಶ್ಯದಲ್ಲಿ, ಒಬ್ಬನೇ ತಂದೆಯ ಬಾಯಲ್ಲಿ, ಒಂದೇ ಶಬ್ದವು ಅನುಗ್ರಹವೂ ನಿಗ್ರಹವೂ ಆಗಿರುವುದು ಇಲ್ಲಿನ ವಿಶೇಷ.

ಇದಕ್ಕಿಂತಲೂ ತೀವ್ರವಾದುದು ಕೆಂಟನ ಮಾತು. ಅವನು ಲಿಯರನ ನಿಷ್ಠಾವಂತ ಸಾಮಂತ. ದೊರೆಯನ್ನು ಬಿರುದುಗಳಿಂದ ಸಂಬೋಧಿಸಿಯೇ ಮಾತನ್ನು ಆರಂಭಿಸುತ್ತಾನೆ. ಅರಸನು ವಿವೇಕವನ್ನು ತೊರೆದನೆಂದು ಕಂಡಾಗ, ತುಂಬಿದ ಸಭೆಯಲ್ಲಿ ಅವನನ್ನು ಮುದುಕನೆಂದು ಕರೆದು ‘ದೌ’ ಎಂಬ ಏಕವಚನದಿಂದ ಪ್ರಶ್ನಿಸುತ್ತಾನೆ. ಆ ಒಂದು ಶಬ್ದಕ್ಕೆ ಸಭೆಯೆಲ್ಲ ಬೆಚ್ಚಿರಬೇಕು. ‘ದೌ’ ಎಂಬುದನ್ನು ಪೂಜ್ಯಶಬ್ದವೆಂದು ತಿಳಿದ ಓದುಗನಿಗೆ ಇಲ್ಲಿ ಏನೂ ಆದಂತೆ ತೋರುವುದಿಲ್ಲ. ಸಾಮಂತನು ಮರ್ಯಾದೆಯಿಂದಲೇ ಕೇಳಿದನೆಂದು ಮುಂದುವರಿಯುತ್ತಾನೆ. ಕೆಂಟನು ಪ್ರಾಣವನ್ನು ಪಣವಾಗಿಟ್ಟು ಆಡಿದ ಮಾತು ಅವನ ಪಾಲಿಗೆ ಉಪಚಾರದ ಮಾತಾಗುತ್ತದೆ.

‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಣಿಯ ಅಂತಃಪುರದ ದೃಶ್ಯವೊಂದಿದೆ. ತಾಯಿಯು ಮಗನನ್ನು ‘ದೌ’ ಎಂದು ಕರೆದು, ಅವನು ತಂದೆಗೆ, ಅಂದರೆ ತನ್ನ ಎರಡನೆಯ ಗಂಡನಿಗೆ, ನೋವುಂಟುಮಾಡಿದನೆಂದು ಆಕ್ಷೇಪಿಸುತ್ತಾಳೆ. ಮಗನು ಅದೇ ವಾಕ್ಯವನ್ನು ತಿರುಗಿಸಿ, ತನ್ನ ತಂದೆಗೆ, ಅಂದರೆ ಸತ್ತ ದೊರೆಗೆ, ನೋವುಂಟುಮಾಡಿದವಳು ಅವಳೇ ಎಂದು ‘ಯೂ’ ಶಬ್ದದಿಂದ ಉತ್ತರಿಸುತ್ತಾನೆ. ಕೂಡಲೆ ತಾಯಿಯೂ ‘ದೌ’ ಶಬ್ದವನ್ನು ಬಿಟ್ಟು ‘ಯೂ’ ಎನ್ನುತ್ತಾಳೆ. ಮಗನು ತಾಯಿಗೆ ‘ಯೂ’ ಎನ್ನುವುದು ಆ ಕಾಲದ ರಾಜಮನೆತನದಲ್ಲಿ ವಿಹಿತವೇ. ಆದರೆ ಆ ವಿಹಿತವಾದ ಮರ್ಯಾದೆಯೇ ಇಲ್ಲಿ ಅಲಗಿನಂತೆ ಇರಿಯುತ್ತದೆ. ತಾಯಿಯು ‘ಯೂ’ ಎಂದದ್ದಾದರೋ ಸಲಿಗೆಯ ಬಾಗಿಲನ್ನು ಮುಚ್ಚಿದಂತೆ. ಮೂರೇ ಮಾತುಗಳಲ್ಲಿ ಅವರಿಬ್ಬರ ನಡುವಣ ದೂರವು ಅಳತೆಗೆ ಸಿಕ್ಕಿಬಿಡುತ್ತದೆ.

ಹೀಗೆಂದು ಪ್ರತಿಯೊಂದು ಬದಲಾವಣೆಯೂ ಅರ್ಥಗರ್ಭಿತವೆಂದು ಹಟ ಹಿಡಿಯಬಾರದು. ೧೬೦೯ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ ಸುನೀತಗಳಲ್ಲಿ ಕವಿಯು ತನ್ನ ಮಿತ್ರನನ್ನು ಕೆಲವೆಡೆ ‘ದೌ’ ಎಂದೂ ಕೆಲವೆಡೆ ‘ಯೂ’ ಎಂದೂ ಕರೆಯುತ್ತಾನೆ. ಪ್ರಾಸಕ್ಕಾಗಿ, ಶ್ರವಣಸುಖಕ್ಕಾಗಿ, ಕ್ರಿಯಾಪದದ ಕರ್ಕಶವಾದ ‘ಸ್ಟ್’ಕಾರವನ್ನು ತಪ್ಪಿಸುವುದಕ್ಕಾಗಿ ಕವಿಗಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿರುವುದು ಸಂಭವ. ಸಂದರ್ಭವು ಸಾಕ್ಷಿ ಹೇಳಿದಲ್ಲಿ ಮಾತ್ರ ಅರ್ಥವನ್ನು ಹೊರಡಿಸುವುದು ಪ್ರಾಮಾಣಿಕವಾದ ಕ್ರಮ.

೫

‘ದೌ’ ಎಂಬ ಸರ್ವನಾಮವು ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿಯೂ ಬಳಕೆಯಾಗಿದೆ. ಒಬ್ಬನನ್ನು ‘ದೌ’ ಮಾಡುವುದೆಂದರೆ ಅವನನ್ನು ಏಕವಚನದಲ್ಲಿ ಮಾತನಾಡಿಸುವುದು. ಫ್ರೆಂಚಿನಲ್ಲಿಯೂ ಜರ್ಮನ್ ಭಾಷೆಯಲ್ಲಿಯೂ ಇದೇ ಬಗೆಯ ಕ್ರಿಯಾಪದಗಳಿವೆ. ಕನ್ನಡದಲ್ಲಿ ‘ಏಕವಚನದಲ್ಲಿ ಮಾತನಾಡಿದನು’ ಎಂದರೆ ವ್ಯಾಕರಣದ ವರದಿಯಲ್ಲ, ಅವಮಾನದ ದೂರು. ಇಂಗ್ಲಿಷಿನ ಆ ಕ್ರಿಯಾಪದಕ್ಕೆ ಇದಕ್ಕಿಂತ ಸಮೀಪವಾದ ಅನುವಾದವು ಯಾವ ಭಾಷೆಯಲ್ಲಿಯೂ ದೊರೆಯುವುದು ಕಷ್ಟ.

‘ಟ್ವೆಲ್ಫ್ತ್ ನೈಟ್’ ನಾಟಕದ ಮೂರನೆಯ ಅಂಕದಲ್ಲಿ ಸರ್ ಟೋಬಿ ಎಂಬವನು, ದ್ವಂದ್ವಯುದ್ಧಕ್ಕೆ ಕರೆಯುವ ಪತ್ರವನ್ನು ಬರೆಯಲಿರುವ ತನ್ನ ಪುಕ್ಕಲು ಗೆಳೆಯನಿಗೆ, ಎದುರಾಳಿಯನ್ನು ಮೂರು ಸಲವಾದರೂ ‘ದೌ’ ಎಂದರೆ ಒಳ್ಳೆಯದೆಂದು ಸಲಹೆ ಕೊಡುತ್ತಾನೆ. ೧೬೦೩ನೆಯ ನವೆಂಬರಿನಲ್ಲಿ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರಾಲೆಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರಕಾರದ ಪರವಾಗಿ ವಾದಿಸಿದ ಎಡ್ವರ್ಡ್ ಕೋಕನು ಆ ಮಾನ್ಯನನ್ನು ಹಂಗಿಸುವುದಕ್ಕಾಗಿಯೇ ‘ದೌ’ ಎಂದು ಕರೆದು, ತಾನು ಹಾಗೆ ಕರೆಯುತ್ತಿರುವೆನೆಂದು ಒತ್ತಿಯೂ ಹೇಳಿದನು. ನಾಟಕದ ಮಾತು ಈ ವಿಚಾರಣೆಯನ್ನು ಅಣಕಿಸಲು ಬರೆದುದೆಂದು ಹದಿನೆಂಟನೆಯ ಶತಮಾನದ ಸಂಪಾದಕನಾದ ಥಿಯೊಬಾಲ್ಡನು ಊಹಿಸಿದ್ದನು. ಆದರೆ ಆ ನಾಟಕವನ್ನು ೧೬೦೨ರ ಫೆಬ್ರವರಿಯಲ್ಲಿಯೇ ಆಡಿದರೆಂಬುದು ಜಾನ್ ಮ್ಯಾನಿಂಗ್‌ಹ್ಯಾಮನ ದಿನಚರಿಯಿಂದ ಸಿದ್ಧವಾಗಿರುವುದರಿಂದ ಆ ಊಹೆಯು ನಿಲ್ಲುವುದಿಲ್ಲ. ಒಂದನ್ನೊಂದು ಅನುಕರಿಸದ ಈ ಎರಡು ಸಂದರ್ಭಗಳು, ಏಕವಚನವು ಬೈಗುಳವೆಂಬ ಭಾವನೆಯು ಆ ಸಮಾಜದಲ್ಲಿ ಎಷ್ಟು ಸಾರ್ವತ್ರಿಕವಾಗಿತ್ತೆಂಬುದಕ್ಕೆ ಎರಡು ಸ್ವತಂತ್ರ ಸಾಕ್ಷ್ಯಗಳಾಗುತ್ತವೆ.

ಭಾರತೀಯ ಸಂಪ್ರದಾಯವನ್ನು ಬಲ್ಲವರಿಗೆ ಇಲ್ಲಿ ‘ತ್ವಂಕಾರ’ವು ನೆನಪಿಗೆ ಬಾರದಿರದು. ಹಿರಿಯರನ್ನು ‘ತ್ವಮ್’ ಎಂದವನಿಗೆ ಮನುಸ್ಮೃತಿಯು ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಮಹಾಭಾರತದ ಕರ್ಣಪರ್ವದಲ್ಲಿ, ಗಾಂಡೀವವನ್ನು ಹಳಿದವರನ್ನು ಕೊಲ್ಲುವೆನೆಂಬ ಪ್ರತಿಜ್ಞೆಗೂ ಅಣ್ಣನ ಮೇಲಣ ಭಕ್ತಿಗೂ ನಡುವೆ ಸಿಕ್ಕಿದ ಅರ್ಜುನನಿಗೆ, ಯುಧಿಷ್ಠಿರನನ್ನು ‘ತ್ವಮ್’ ಎಂದು ಕರೆದರೆ ಸಾಕು, ಗುರುಜನರಿಗೆ ಅದೇ ವಧೆಗೆ ಸಮಾನವೆಂದು ಕೃಷ್ಣನು ಉಪಾಯ ಹೇಳುತ್ತಾನೆ. ಕೆಂಟನು ಲಿಯರನಿಗೆ ಮಾಡಿದುದು ಇಂತಹ ತ್ವಂಕಾರವೇ. ಆದರೆ ಅದು ಕೊಲ್ಲುವುದಕ್ಕಲ್ಲ, ಎಚ್ಚರಿಸುವುದಕ್ಕೆ.

೬

ಇಷ್ಟಾದಮೇಲೆ ಒಂದು ಪ್ರಶ್ನೆಯು ಸಹಜವಾಗಿ ಏಳುತ್ತದೆ. ‘ದೌ’ ಎಂಬುದು ಇಷ್ಟು ಸಲಿಗೆಯ ಮಾತಾಗಿದ್ದರೆ ಬೈಬಲ್ಲಿನಲ್ಲಿ ದೇವರನ್ನು ಆ ಶಬ್ದದಿಂದಲೇ ಕರೆದಿರುವುದೇಕೆ? ಇದರ ಉತ್ತರವು ಮೂಲಭಾಷೆಗಳಲ್ಲಿದೆ. ಹೀಬ್ರೂ ಭಾಷೆಯಲ್ಲಿಯೂ ಬೈಬಲ್ಲಿನ ಗ್ರೀಕ್ ಭಾಷೆಯಲ್ಲಿಯೂ ಮಧ್ಯಮಪುರುಷದಲ್ಲಿ ಗೌರವಾರ್ಥಕ ಬಹುವಚನವಿಲ್ಲ. ೧೫೨೬ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದ ವಿಲಿಯಂ ಟಿಂಡೇಲನೂ, ಅವನ ಜಾಡಿನಲ್ಲಿ ನಡೆದ ೧೬೧೧ರ ಭಾಷಾಂತರಕಾರರೂ ಮೂಲದ ವಚನವನ್ನು ಹಾಗೆಯೇ ಉಳಿಸಿಕೊಂಡರು. ಒಬ್ಬನಿಗೆ ‘ದೌ’, ಹಲವರಿಗೆ ‘ಯೀ’. ದೇವರು ಮನುಷ್ಯನಿಗೆ, ಮನುಷ್ಯನು ದೇವರಿಗೆ, ಪ್ರಜೆಯು ದೊರೆಗೆ, ಸೈತಾನನು ಯಾರಿಗಾದರೂ ಆಡುವ ಮಾತು ಈ ವಿಷಯದಲ್ಲಿ ಒಂದೇ. ಅಲ್ಲಿ ‘ದೌ’ ಗೌರವವನ್ನೂ ಸೂಚಿಸುವುದಿಲ್ಲ, ಅಗೌರವವನ್ನೂ ಸೂಚಿಸುವುದಿಲ್ಲ. ಎಣಿಕೆಯನ್ನು ಮಾತ್ರ ಸೂಚಿಸುತ್ತದೆ.

ಈ ಎಣಿಕೆಯಿಂದ ಅರ್ಥಕ್ಕೆ ದೊಡ್ಡ ಪ್ರಯೋಜನವುಂಟು. ಲೂಕನ ಸುವಾರ್ತೆಯ ೨೨ನೆಯ ಅಧ್ಯಾಯದ ೩೧ ಮತ್ತು ೩೨ನೆಯ ವಚನಗಳಲ್ಲಿ ಏಸುವು ಸೀಮೋನನೊಬ್ಬನನ್ನೇ ಉದ್ದೇಶಿಸಿ ಮಾತನಾಡುತ್ತಾನೆ. ಸೈತಾನನು ಗೋದಿಯಂತೆ ಒನೆಯಲು ಬಯಸಿರುವುದು ಶಿಷ್ಯರೆಲ್ಲರನ್ನು. ಏಸುವು ಪ್ರಾರ್ಥಿಸಿರುವುದು ಸೀಮೋನನೊಬ್ಬನಿಗಾಗಿ. ೧೬೧೧ರ ಭಾಷಾಂತರದಲ್ಲಿ ಮೊದಲನೆಯದಕ್ಕೆ ‘ಯೂ’ ಎಂದೂ ಎರಡನೆಯದಕ್ಕೆ ‘ದೀ’ ಎಂದೂ ಇರುವುದರಿಂದ ವಿಷಯವು ಸ್ಪಷ್ಟವಾಗಿದೆ. ಎರಡೆಡೆಯೂ ‘ಯೂ’ ಎಂದೇ ಹೇಳಬೇಕಾದ ಇಂದಿನ ಇಂಗ್ಲಿಷಿನಲ್ಲಿ ಬೇರೊಂದು ಪದವನ್ನು ಸೇರಿಸದೆ ಈ ಭೇದವು ಗೋಚರವಾಗದು. ‘ನಿಮ್ಮನ್ನು’ ಮತ್ತು ‘ನಿನಗಾಗಿ’ ಎಂದು ಹೇಳಬಲ್ಲ ಕನ್ನಡಕ್ಕೆ ಆ ತೊಂದರೆಯಿಲ್ಲ.

೭

‘ದೌ’ ಶಬ್ದದ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದ ಅಧ್ಯಾಯವು ಕ್ವೇಕರರೆಂಬ ಪಂಥದವರದು. ಹದಿನೇಳನೆಯ ಶತಮಾನದ ನಡುಗಾಲದಲ್ಲಿ ಜಾರ್ಜ್ ಫಾಕ್ಸನು (೧೬೨೪–೧೬೯೧) ಸ್ಥಾಪಿಸಿದ ಈ ಪಂಥದವರು, ಮನುಷ್ಯರೆಲ್ಲರೂ ದೇವರ ಮುಂದೆ ಸಮಾನರಾದುದರಿಂದ ಯಾರ ಮುಂದೆಯೂ ಟೋಪಿ ತೆಗೆಯುವುದಿಲ್ಲವೆಂದೂ, ಬಡವ ಬಲ್ಲಿದನೆನ್ನದೆ ಎಲ್ಲರನ್ನೂ ‘ದೌ’ ಎಂದೇ ಕರೆಯುವೆವೆಂದೂ ನಿಯಮ ಮಾಡಿಕೊಂಡರು. ಒಬ್ಬನಿಗೆ ಬಹುವಚನವನ್ನು ಹೇಳುವುದು ಅವರ ದೃಷ್ಟಿಯಲ್ಲಿ ಸುಳ್ಳು ಮತ್ತು ಮುಖಸ್ತುತಿ. ಫಾಕ್ಸ್, ಜಾನ್ ಸ್ಟಬ್ಸ್ ಮತ್ತು ಬೆಂಜಮಿನ್ ಫರ್ಲಿ ಎಂಬ ಮೂವರು ೧೬೬೦ರಲ್ಲಿ, ಉಪಾಧ್ಯಾಯರಿಗೂ ಶಿಷ್ಯರಿಗೂ ಏಕವಚನ ಬಹುವಚನಗಳನ್ನು ಕಲಿಸುವ ನೆಪದಿಂದ, ಅನೇಕ ಭಾಷೆಗಳ ಉದಾಹರಣೆಗಳನ್ನು ತುಂಬಿದ ಗ್ರಂಥವೊಂದನ್ನು ಪ್ರಕಟಿಸಿದರು. ವ್ಯಾಕರಣವು ಧರ್ಮಯುದ್ಧದ ಆಯುಧವಾದ ಸಂದರ್ಭವಿದು.

ಈ ಯುದ್ಧದಲ್ಲಿ ಪೆಟ್ಟು ತಿಂದವರೂ ಇದ್ದರು. ಮಿಲ್ಟನ್ನನ ಮಿತ್ರನಾದ ಥಾಮಸ್ ಎಲ್‌ವುಡ್ಡನು (೧೬೩೯–೧೭೧೩) ತರುಣನಾಗಿದ್ದಾಗಲೇ ಕ್ವೇಕರನಾದನು. ೧೭೧೪ರಲ್ಲಿ, ಅವನ ಮರಣಾನಂತರ ಪ್ರಕಟವಾದ ಆತ್ಮಚರಿತ್ರೆಯಲ್ಲಿ, ತಂದೆಯನ್ನು ‘ದೌ’ ಎಂದೋ ‘ದೀ’ ಎಂದೋ ಕರೆಯಬೇಕಾಗಿ ಬಂದಾಗಲೆಲ್ಲ ಅವರು ಮುಷ್ಟಿಯಿಂದ ಗುದ್ದುತ್ತಿದ್ದರೆಂದು ಅವನು ಹೇಳಿಕೊಂಡಿದ್ದಾನೆ. ‘ಯೂ’ ಎನ್ನಲು ಅವನ ಅಂತಃಸಾಕ್ಷಿಯು ಒಪ್ಪದು. ‘ದೌ’ ಎಂಬುದನ್ನು ಕೇಳಲು ತಂದೆಯ ಅಭಿಮಾನವು ಒಪ್ಪದು. ತಂದೆಗೆ ಆ ಶಬ್ದವು ಪೂಜ್ಯವಾಗಿ ಕೇಳಿಸಿದ್ದರೆ ಕೈ ಎತ್ತುವ ಕಾರಣವಿರಲಿಲ್ಲ. ‘ದೌ’ ಎಂಬುದರ ನಿಜವಾದ ಅರ್ಥಕ್ಕೆ ಈ ಗುದ್ದುಗಳಿಗಿಂತ ಬಲವಾದ ಪ್ರಮಾಣವು ಬೇಕಿಲ್ಲ.

೮

ಹದಿನೇಳನೆಯ ಶತಮಾನವು ಮುಗಿಯುವ ವೇಳೆಗೆ ಶಿಷ್ಟರ ಆಡುಮಾತಿನಿಂದ ‘ದೌ’ ಬಹುತೇಕ ತೊಲಗಿತು. ೧೭೬೨ರಲ್ಲಿ ಪ್ರಕಟವಾದ ರಾಬರ್ಟ್ ಲೌತನ ವ್ಯಾಕರಣವು ಅದರ ರೂಪಾವಳಿಯನ್ನು ಕೊಟ್ಟಿದ್ದರೂ, ನಾಗರಿಕ ಶೈಲಿಯಲ್ಲಿ ಮಾತ್ರವಲ್ಲದೆ ಸಲಿಗೆಯ ಶೈಲಿಯಲ್ಲಿಯೂ ಅದರ ಬಳಕೆ ತಪ್ಪಿತೆಂದು ಗುರುತಿಸುತ್ತದೆ. ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಏಕವಚನವು ಇಂದಿಗೂ ಬದುಕಿರುವಾಗ ಇಂಗ್ಲಿಷಿನಲ್ಲಿ ಮಾತ್ರ ಅದು ಸತ್ತುದೇಕೆಂಬುದನ್ನು ವಿದ್ವಾಂಸರು ಚರ್ಚಿಸಿದ್ದಾರೆ. ಪಟ್ಟಣಗಳು ಬೆಳೆದು, ವ್ಯಾಪಾರದಿಂದ ಹೊಸಬರು ಮೇಲೇರಿ, ಎದುರಿಗಿರುವವನ ಅಂತಸ್ತು ಇಂಥದೇ ಎಂದು ನಿರ್ಧರಿಸುವುದು ಕಷ್ಟವಾದಾಗ, ಎಲ್ಲರಿಗೂ ‘ಯೂ’ ಎನ್ನುವುದೇ ನಿರಪಾಯವಾಯಿತೆಂಬುದು ಒಂದು ವಿವರಣೆ. ಕ್ವೇಕರರ ಹಟವೇ ಇತರರಿಗೆ ಆ ಶಬ್ದದ ಮೇಲೆ ಜಿಗುಪ್ಸೆಯನ್ನು ಹುಟ್ಟಿಸಿತೆಂದು ಹೇಳುವವರೂ ಇದ್ದಾರೆ. ೧೯೬೦ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಅಮೆರಿಕದ ವಿದ್ವಾಂಸರು ಐರೋಪ್ಯ ಭಾಷೆಗಳ ಇಂತಹ ಸರ್ವನಾಮಗಳನ್ನು ಅಧಿಕಾರ ಮತ್ತು ಸಮಭಾವ ಎಂಬ ಎರಡು ತತ್ತ್ವಗಳಿಂದ ವಿವರಿಸಿದರು. ಮುಂದಿನ ಚರ್ಚೆಗಳೆಲ್ಲಕ್ಕೂ ಅವರ ಪ್ರಬಂಧವು ಆಧಾರವಾಯಿತು.

ಹಳ್ಳಿಯ ಮಾತಿನಲ್ಲಿ ಶಬ್ದವು ಇಷ್ಟು ಬೇಗ ಸಾಯಲಿಲ್ಲ. ಯಾರ್ಕ್‌ಷೈರ್, ಲ್ಯಾಂಕಷೈರ್ ಮೊದಲಾದ ಉತ್ತರದ ಸೀಮೆಗಳಲ್ಲಿ ‘ದಾ’ ಎಂಬ ರೂಪದಿಂದಲೂ, ಪಶ್ಚಿಮದ ಸೀಮೆಗಳಲ್ಲಿ ‘ದೀ’ ಎಂಬ ರೂಪದಿಂದಲೂ ಅದು ಇಪ್ಪತ್ತನೆಯ ಶತಮಾನಕ್ಕೂ ದಾಟಿಬಂದಿತು. ೧೯೧೩ರಲ್ಲಿ ಪ್ರಕಟವಾದ ಡಿ. ಎಚ್. ಲಾರೆನ್ಸನ ‘ಸನ್ಸ್ ಅಂಡ್ ಲವರ್ಸ್’ ಕಾದಂಬರ‍ಿಯಲ್ಲಿ ಗಣಿಗಾರನಾದ ತಂದೆಯು ಹೆಂಡತಿ ಮಕ್ಕಳೊಡನೆ ಆಡುವುದು ಈ ಮಾತನ್ನೇ. ಅಲ್ಲಿ ಅದು ದೇವಾಲಯದ ಮಾತಲ್ಲ, ಅಡುಗೆಮನೆಯ ಮಾತು. ಮಿಲ್ಟನ್ನನಿಂದ ಲಾರೆನ್ಸನಿಗೆ ಬರುವ ವಿದ್ಯಾರ್ಥಿಯು ಇಲ್ಲಿ ತಬ್ಬಿಬ್ಬಾಗುವುದುಂಟು. ಆದರೆ ಶಬ್ದದ ಹಳೆಯ ಸ್ವಭಾವಕ್ಕೆ ಹತ್ತಿರವಾದವನು ಆ ಗಣಿಗಾರನೇ.

ಆಡುಮಾತಿನಿಂದ ಮರೆಯಾದ ಮೇಲೂ ಚರ್ಚಿನಲ್ಲಿ ಮತ್ತು ಕಾವ್ಯದಲ್ಲಿ ಮಾತ್ರ ಕೇಳಿಸುತ್ತಿದ್ದುದರಿಂದ ಶಬ್ದಕ್ಕೆ ಆ ಸ್ಥಳಗಳ ಗಾಂಭೀರ್ಯವೇ ಅಂಟಿಕೊಂಡಿತು. ಅಮೆರಿಕದಲ್ಲಿ ೧೯೫೨ರಲ್ಲಿ ಪೂರ್ಣಗೊಂಡ ಪರಿಷ್ಕೃತ ಬೈಬಲ್ ಭಾಷಾಂತರವು ಮನುಷ್ಯರಿಗೆ ಸಲ್ಲುತ್ತಿದ್ದ ‘ದೌ’ ಶಬ್ದವನ್ನು ತೆಗೆದುಹಾಕಿ, ದೇವರಿಗೆ ಸಲ್ಲುವುದನ್ನು ಮಾತ್ರ ಉಳಿಸಿತು. ಎಣಿಕೆಯ ಗುರುತಾಗಿದ್ದುದು ಪೂಜೆಯ ಗುರುತಾದುದಕ್ಕೆ ಇದೇ ಮುದ್ರೆ. ೧೯೮೯ರ ಪುನಃಪರಿಷ್ಕರಣದಲ್ಲಿ ಅದನ್ನೂ ಬಿಟ್ಟರು.

೯

ಈ ಅರ್ಥವಿಪರ್ಯಯದಿಂದ ಕನ್ನಡದ ಅನುವಾದಕರಿಗೂ ಅಧ್ಯಾಪಕರಿಗೂ ಒದಗುವ ಪಾಠವೇನು? ಹತ್ತೊಂಬತ್ತನೆಯ ಶತಮಾನದ ಕವಿಗಳಲ್ಲಿ ‘ದೌ’ ಕಂಡರೆ, ಅದು ಕಾವ್ಯಸಂಪ್ರದಾಯದಿಂದ ಉಳಿದ ಸಂಬೋಧನೆಯೆಂದು ತಿಳಿಯಬೇಕು. ಅಲ್ಲಿಯೂ ಕನ್ನಡಕ್ಕೆ ‘ನೀನು’ ಎಂಬುದೇ ಯುಕ್ತ. ಕಾರ್ಡಿನಲ್ ನ್ಯೂಮನ್ನನು ೧೮೩೩ರಲ್ಲಿ ರಚಿಸಿದ, ದಾರಿ ತೋರುವ ಬೆಳಕನ್ನು ಕುರಿತ ಪ್ರಾರ್ಥನಾಗೀತವನ್ನು ಬಿ. ಎಂ. ಶ್ರೀಕಂಠಯ್ಯನವರು ಕನ್ನಡಿಸುವಾಗ ಬೆಳಕನ್ನು ಏಕವಚನದಿಂದಲೇ ಕರೆದರು. ‘ಬನ್ನಿರಿ’ ಎಂದು ಬೆಳಕಿಗೆ ಉಪಚಾರ ಹೇಳಿದ್ದರೆ ಆ ಗೀತವು ನಾಡಿನ ಶಾಲೆ ಶಾಲೆಗಳಲ್ಲಿ ಪ್ರಾರ್ಥನೆಯಾಗುತ್ತಿರಲಿಲ್ಲ.

ದೇವರ ವಿಷಯದಲ್ಲಿ ಕನ್ನಡದ ಅನುಭವವೇ ದಾರಿ ತೋರಿಸುತ್ತದೆ. ವಚನಕಾರರೂ ಹರಿದಾಸರೂ ದೇವರನ್ನು ‘ನೀನು’ ಎಂದು ಕರೆದು ಬೇಡಿದ್ದಾರೆ, ಜಗಳವಾಡಿದ್ದಾರೆ. ವಚನಗಳಲ್ಲಿ ‘ನೀವು’, ‘ನಿಮ್ಮ’ ಎಂಬ ಬಹುವಚನವೂ ಧಾರಾಳವಾಗಿದೆ. ಏಕವಚನವು ಭಕ್ತಿಗೆ ಕುಂದಲ್ಲ, ಭಕ್ತಿಯ ಸಮೀಪತೆಯ ಗುರುತು ಎಂಬುದನ್ನು ಕನ್ನಡಿಗರಿಗೆ ಯಾರೂ ಬೋಧಿಸಬೇಕಾಗಿಲ್ಲ. ರವೀಂದ್ರನಾಥ ಠಾಕೂರರು ೧೯೧೨ರಲ್ಲಿ ಪ್ರಕಟಿಸಿದ ಇಂಗ್ಲಿಷ್ ‘ಗೀತಾಂಜಲಿ’ಯು ದೇವರನ್ನು ‘ದೌ’ ಎನ್ನುತ್ತದೆ. ಅದರ ಮೊದಲನೆಯ ಗೀತದ ಬಂಗಾಳಿ ಮೂಲದಲ್ಲಿರುವುದು ‘ತುಮಿ’ ಎಂಬ ಸಲಿಗೆಯ ಶಬ್ದ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ‘ದೌ’ ಶಬ್ದದ ಇಂದಿನ ಗಾಂಭೀರ್ಯಕ್ಕೆ ಮರುಳಾದರೆ ಮೂಲದ ಆಪ್ತತೆಯು ಕೈತಪ್ಪುತ್ತದೆ.

ನಾಟಕಗಳ ವಿಷಯದಲ್ಲಿ ತೊಡಕು ಹೆಚ್ಚು. ಬಸವಪ್ಪಶಾಸ್ತ್ರಿಗಳು ‘ಒಥೆಲೊ’ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿಸಿದ ಹತ್ತೊಂಬತ್ತನೆಯ ಶತಮಾನದಿಂದಲೂ ಷೇಕ್ಸ್‌ಪಿಯರನನ್ನು ಕನ್ನಡಕ್ಕೆ ತರುವ ಕೆಲಸ ನಡೆದುಬಂದಿದೆ. ಈ ಕೆಲಸದಲ್ಲಿ ‘ದೌ’ ಬಂದಲ್ಲೆಲ್ಲ ‘ನೀನು’, ‘ಯೂ’ ಬಂದಲ್ಲೆಲ್ಲ ‘ನೀವು’ ಎಂದು ಯಾಂತ್ರಿಕವಾಗಿ ಹಾಕುವುದೂ ಸಲ್ಲದು. ಷೇಕ್ಸ್‌ಪಿಯರನಲ್ಲಿ ಗೆಳೆಯರಿಬ್ಬರು ನಿತ್ಯದ ಮಾತಿನಲ್ಲಿ ‘ಯೂ’ ಎನ್ನುತ್ತಾರೆ. ಕನ್ನಡದ ಗೆಳೆಯರು ‘ನೀನು’ ಎಂದಾರು. ಅನೇಕ ಕನ್ನಡ ಮನೆಗಳಲ್ಲಿ ಮಕ್ಕಳು ತಂದೆಗೆ ‘ನೀವು’ ಎಂದರೂ ತಾಯಿಗೆ ‘ನೀನು’ ಎನ್ನುತ್ತಾರೆ; ಹ್ಯಾಮ್ಲೆಟ್ಟನು ತಾಯಿಗೆ ‘ಯೂ’ ಎಂದ ಕಾರಣದಿಂದಲೇ ಕನ್ನಡದ ಮಗನೂ ‘ನೀವು’ ಎಂದರೆ ವ್ಯಂಗ್ಯವು ಅತಿಯಾದೀತು. ಅನುವಾದಕನು ಉಳಿಸಬೇಕಾದುದು ಶಬ್ದವನ್ನಲ್ಲ, ಶಬ್ದವು ಬದಲಾದ ಕ್ಷಣವನ್ನು. ಎಲ್ಲಿ ಮಾತು ಒಂದರಿಂದ ಇನ್ನೊಂದಕ್ಕೆ ಹೊರಳುತ್ತದೆಯೋ ಅಲ್ಲಿ ಸಂಬಂಧವೂ ಹೊರಳಿದೆ. ಆ ಹೊರಳನ್ನು ಸರ್ವನಾಮದಿಂದಾಗಲಿ, ಕ್ರಿಯಾಪದದಿಂದಾಗಲಿ, ‘ಅಯ್ಯಾ’, ‘ಎಲವೋ’, ‘ಮಗು’ ಎಂಬ ಸಂಬೋಧನೆಗಳಿಂದಾಗಲಿ ಕನ್ನಡದಲ್ಲಿ ಕೇಳಿಸುವಂತೆ ಮಾಡಿದರೆ ಕೆಲಸ ಕೈಗೂಡಿತು.

ಅಧ್ಯಾಪಕರಿಗೆ ಕೆಲಸವು ಇನ್ನೂ ಸುಲಭ. ಇಂಗ್ಲಿಷನ್ನಲ್ಲದೆ ಬೇರೆ ಭಾಷೆಯನ್ನರಿಯದ ವಿದ್ಯಾರ್ಥಿಗೆ, ಒಬ್ಬನನ್ನು ‘ದೌ’ ಎಂದು ಕರೆದ ಮಾತ್ರಕ್ಕೆ ಮುಷ್ಟಿಯ ಪೆಟ್ಟೇಕೆ ಬಿದ್ದೀತೆಂಬುದನ್ನು ಟಿಪ್ಪಣಿ ಬರೆದು ತಿಳಿಸಬೇಕಾಗುತ್ತದೆ. ಕನ್ನಡದ ವಿದ್ಯಾರ್ಥಿಯು ಆ ಭೇದವನ್ನು ವ್ಯಾಕರಣದಿಂದ ಕಲಿಯುವ ಮೊದಲೇ ಮನೆಯಲ್ಲಿ ಕಲಿತಿರುತ್ತಾನೆ. ಯಾರನ್ನು ‘ನೀನು’ ಎನ್ನಬಹುದು, ಯಾರನ್ನು ಅನ್ನಬಾರದು, ಅಂದರೆ ಏನಾದೀತೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ತರಗತಿಯ ಬಾಗಿಲ ಹೊರಗೆ ಬಿಡಿಸದೆ ಒಳಕ್ಕೆ ಕರೆಸಿಕೊಂಡರೆ, ಕೆಂಟನ ಧೈರ್ಯವೂ ಗರ್ಟ್ರೂಡಳ ಮುನಿಸೂ ಎಲ್‌ವುಡ್ಡನ ಹಟವೂ ಅವನಿಗೆ ತಾವಾಗಿಯೇ ತೆರೆದುಕೊಳ್ಳುತ್ತವೆ.